ಫಲಕ ಮೀಮಾಂಸೆ: ಜಯನಗರದಿಂದ ಸಿಲ್ಕ್ ಬೋರ್ಡ್‌ವರೆಗೆ

ಗಿರಾಕಿಯ ಕಣ್ಣು ಚಂಚಲವೆಂಬ ವಿಷಯದಲ್ಲಿ ಪೂರ್ವಾಚಾರ್ಯರಿಗೂ ಮಾರ್ಕೆಟಿಂಗ್ ಮ್ಯಾನೇಜರುಗಳಿಗೂ ಜಗಳವಿಲ್ಲ. ಅದನ್ನು ಹಿಡಿದು ನಿಲ್ಲಿಸುವ ಉಪಾಯದಲ್ಲಷ್ಟೇ ಮತಭೇದ. ಈ ಮತಗಳ ಪರೀಕ್ಷೆಗೆ ದಕ್ಷಿಣ ಬೆಂಗಳೂರಿಗಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಮೊಳ ಹಾಕುವ ಮಲ್ಲಿಗೆಯೂ ಮಿಣುಕುವ ಎಲ್‌ಇಡಿ ಪರದೆಯೂ ಒಂದೇ ಜೋಡಿ ಕಣ್ಣಿಗಾಗಿ ಹೋರಾಡುತ್ತವೆ.

ಪ್ರಾಚೀನವಾದದ್ದು ಫ್ಲೆಕ್ಸ್ ಮತ. ನಡುವೆ ನಾಯಕರು, ಸುತ್ತ ಶುಭ ಕೋರುವವರ ಪಾಸ್‌ಪೋರ್ಟ್ ಅಳತೆಯ ಮುಖಗಳು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ಇವನ್ನು ರಾಶಿರಾಶಿಯಾಗಿ ಕಿತ್ತುಹಾಕಿತು. ಮತ ಮಾತ್ರ ಅಳಿಯಲಿಲ್ಲ; ಹುಟ್ಟುಹಬ್ಬಗಳಂದು ಈಗಲೂ ಪ್ರಕಟವಾಗುತ್ತದೆ.

ನವ್ಯರ ಆಯುಧ ಹಾಲೋಗ್ರಾಮ್ ಫ್ಯಾನ್. ಹೆಸರು ದೊಡ್ಡದು, ಒಳಗಿರುವುದು ಎಲ್‌ಇಡಿ ಸಾಲು ಅಂಟಿಸಿದ ರೆಕ್ಕೆ. ಅದು ಗಿರ್ರನೆ ತಿರುಗುತ್ತ ತಕ್ಕ ಜಾಗದಲ್ಲಿ ತಕ್ಕ ದೀಪ ಹೊತ್ತಿಸುತ್ತದೆ. ಬೆಳಕಿನ ಅಚ್ಚು ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದರಿಂದ ಗಾಳಿಯಲ್ಲಿ ಶೂ ತೇಲಿದಂತೆ ಕಾಣುತ್ತದೆ. ಇದು ಹೊಸದೆನ್ನುವವರು ಅದ್ವೈತಾಚಾರ್ಯ ಗೌಡಪಾದರನ್ನು ಓದಿಲ್ಲ. ಅವರ ಮಾಂಡೂಕ್ಯ ಕಾರಿಕೆಯ ನಾಲ್ಕನೇ ಪ್ರಕರಣದ ಹೆಸರೇ ಅಲಾತಶಾಂತಿ: ಬೀಸಿದ ಕೊಳ್ಳಿ ಬೆಂಕಿಯ ಬಳೆಯಾಗಿ ತೋರುತ್ತದೆ, ಕೈ ನಿಂತರೆ ಬಳೆಯಿಲ್ಲ. ಕರೆಂಟ್ ಹೋದಾಗ ಬನಶಂಕರಿಯ ಅಂಗಡಿಯವರಿಗೂ ಇದೇ ಜ್ಞಾನೋದಯವಾಗುತ್ತದೆ, ಗುರುದಕ್ಷಿಣೆಯಿಲ್ಲದೆ. ಶೋರೂಮಿನ ಮುಂದೆ ಮೈ ಬಳುಕಿಸುವ ಗಾಳಿಗೊಂಬೆಯೂ ಕುಲೀನವೇ: ಅದರ ಪೂರ್ವಜರು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕುಣಿದಿದ್ದರು, ಟ್ರಿನಿಡಾಡಿನ ಕಾರ್ನಿವಲ್ ಕಲಾವಿದ ಪೀಟರ್ ಮಿನ್‌ಶಾಲ್ ಅವರ ಕಲ್ಪನೆಯಾಗಿ.

ಇನ್ನು ಓಡುವ ಅಕ್ಷರದ ಬೋರ್ಡು. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ 60% ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ನಿಂತ ಬೋರ್ಡಿಗೆ ಟೇಪು ಹಿಡಿಯಬಹುದು. ಓಡುವುದಕ್ಕೆ? ಒಂದು ಪಕ್ಷ 60% ಎಂದರೆ ಸೆಕೆಂಡುಗಳ ಲೆಕ್ಕವೆನ್ನುತ್ತದೆ, ಇನ್ನೊಂದು ಬಲ್ಬುಗಳ ಲೆಕ್ಕ. ಒಂದೇ ಸಾಲಿನಲ್ಲಿ ಎಡಕ್ಕೆ ಹರಿಯುವ ಅಕ್ಷರಗಳಿಗೆ ಮೇಲ್ಭಾಗ ಯಾವುದೆಂಬುದು ಕೈಗಡಿಯಾರ ಮತ್ತು ಟೇಪು ಎರಡನ್ನೂ ಹಿಡಿದ ಇನ್‌ಸ್ಪೆಕ್ಟರರಿಗೇ ಬಿಟ್ಟದ್ದು.

ಇಷ್ಟೆಲ್ಲ ಬೆಳಕಿನ ನಡುವೆ ಜನ ನಿಜಕ್ಕೂ ನಿಂತು, ಫೋನ್ ಎತ್ತಿ, ಗುರಿಯಿಟ್ಟು ನೋಡುವ ಚಿತ್ರ ಒಂದೇ: ಎಳನೀರಿನ ಗಾಡಿಗೆ ಕಟ್ಟಿದ ಕ್ಯೂಆರ್ ಕೋಡ್. ಅದು ಮಿನುಗುವುದಿಲ್ಲ, ಕುಣಿಯುವುದಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. 2016ರಲ್ಲಿ ಬಂದ ಯುಪಿಐ ಅದನ್ನು ಸೊಪ್ಪಿನ ಬುಟ್ಟಿಗೆ ಇಳಿಸಿತು. ಗಿರಾಕಿ ಸ್ಕ್ರೀನ್ ತೋರಿಸಿ "ಹೋಯ್ತು ಅಣ್ಣಾ" ಎಂದರೂ ಎಳನೀರಿನವರು ತಿರುಗಿ ನೋಡುವುದಿಲ್ಲ. ಪಕ್ಕದ ಪುಟ್ಟ ಡಬ್ಬಿ "ಸ್ವೀಕರಿಸಲಾಗಿದೆ" ಎಂದು ಕೂಗಬೇಕು. ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣ ಬಲವತ್ತರ ಎಂದು ಕತ್ತಿ ಹಿಡಿದೇ ಸಾಧಿಸಿದವರು ಇವರು.

ಸಿದ್ಧಾಂತ ಹೀಗೆ: ಕಣ್ಣನ್ನು ನಿಲ್ಲಿಸುವುದು ಪರದೆಯಲ್ಲ, ಟ್ರಾಫಿಕ್. ಬಿಟಿಎಂ ಅಂಚಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯಾವ ತಂತ್ರಜ್ಞಾನವೂ ಇಲ್ಲದೆ ಕೋಚಿಂಗ್ ಕ್ಲಾಸಿನ ಹಳೇ ಪೋಸ್ಟರನ್ನೂ ಜನ ಆದ್ಯಂತ ಓದಿದ್ದಾರೆ. ಆದರೆ 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್ ಫ್ಲೈಓವರ್ ತೆರೆದು ಓದುಗರನ್ನು ಕದ್ದಿತು. 2025ರ ಆಗಸ್ಟ್‌ನಿಂದ ಅದರ ಮೇಲೆ ಹಳದಿ ಮಾರ್ಗದ ಮೆಟ್ರೋ. ಕೆಳಗಿನವರು ಬೋರ್ಡು ನೋಡುತ್ತಾರೆ, ನಡುವಿನವರು ರಸ್ತೆ, ಮೇಲಿನವರು ಮೊಬೈಲು. ಆ ಕಣ್ಣೆತ್ತದ ಪ್ರಯಾಣಿಕರಿಗೆಂದೇ ಮುಂದಿನ ನಿಲ್ದಾಣಗಳಲ್ಲೊಂದರ ಹೆಸರನ್ನು ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ ಎಂದಿಟ್ಟಿದ್ದಾರೆ; ನಿಲ್ದಾಣದ ಹೆಸರು ಕೂಗಿದಾಗ ಜಾಹೀರಾತು ಕಿವಿಯ ಮೂಲಕ ಒಳಹೋಗುತ್ತದೆ.