20 ಮೈಕ್ರಾನ್ ಅಪಸ್ವರ

ಖಂಡೆ ಪೂಜೆಗೆ ಹಾಡು ಹಚ್ಚುವ ಉಸ್ತುವಾರಿ ಈ ಸಲ ನನ್ನ ಕೊರಳಿಗೆ ಬಿದ್ದದ್ದಕ್ಕೆ ಕಾರಣ ನನ್ನ ಬಾಯಿ. ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿ ಹೋದ ವರ್ಷ ಬೆಳಗಿನಿಂದ ಸಂಜೆತನಕ ಅವೇ ಹಳೇ ಸಿನಿಮಾ ಹಾಡು ಮೊಳಗಿದ್ದವು. ನಾನು ಫೇಡೆ ಮೆಲ್ಲುತ್ತ, "ಹುಬ್ಬಳ್ಳಿ-ಧಾರವಾಡದಾಗ ಕುಂತು ಇದೇನ್ರಿ ಕರ್ಮ, ನಮ್ಮೂರಿನ ಹೊಸ ಹಾಡು ಒಂದೂ ಇಲ್ಲೇನು?" ಎಂದು ಜೋರಾಗಿ ಅಂದಿದ್ದೆ. ಮ್ಯಾನೇಜರ್ ಸಾಹೇಬರು ಆ ಮಾತನ್ನು ಒಂದು ವರ್ಷ ಕಿಸೆಯಲ್ಲಿಟ್ಟುಕೊಂಡಿದ್ದು, ನವರಾತ್ರಿ ಹತ್ತಿರ ಬಂದಾಗ ತೆಗೆದು ನನ್ನ ಕೈಗೆ ಕೊಟ್ಟರು.

ಒಲ್ಲೆ ಎನ್ನುವ ಹಾಗಿಲ್ಲ. ಧಾರವಾಡದಲ್ಲಿ ಹುಟ್ಟಿದವನು ಸಂಗೀತ ತಿಳಿಯದು ಎಂದರೆ, ಧಾರವಾಡದ ಎಮ್ಮೆ ಹಾಲು ಕೊಡಲ್ಲ ಅಂದಂತೆ. ಮಲ್ಲಿಕಾರ್ಜುನ ಮನಸೂರರ ಕಛೇರಿಯನ್ನು ಮೊದಲ ಸಾಲಿನಲ್ಲಿ ಕೂತು ಕೇಳಿದ್ದೇನೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅದು ಖರೆ. ನನಗಾಗ ಹದಿನಾಲ್ಕು ವರ್ಷ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ ಎಂಬುದನ್ನು ಮಾತ್ರ ಹೇಳಿಲ್ಲ. ಅವರು ಹಾಡುತ್ತಿದ್ದ ಅಪ್ರಚಲಿತ ರಾಗಗಳಲ್ಲಿ ನಿದ್ದೆಯೂ ಅಪ್ರಚಲಿತವಾಗಿ, ಬಲು ಗಾಢವಾಗಿ ಬರುತ್ತಿತ್ತು.

ಸರಿ, ಹೊಸ ಹಾಡು ಎಲ್ಲಿ ಸಿಗುತ್ತದೆ? ಕ್ಯಾಸೆಟ್ ಕಾಲದಲ್ಲಿ ತೊಂದರೆಯಿರಲಿಲ್ಲ. ಅಂಗಡಿಗೆ ಹೋಗಿ, "ಗುರುರಾಜ ಹೊಸಕೋಟಿದು ಹೊಸಾದು ಬಂದೈತೇನ್ರಿ?" ಎಂದು ಕೇಳಿದರೆ ಮುಗಿಯಿತು. ಈಗ ಆ ಅಂಗಡಿಗಳಲ್ಲಿ ಮೊಬೈಲ್ ಕವರ್ ತೂಗಾಡುತ್ತವೆ. ಮಗಳನ್ನು ಕೇಳಿದೆ. "ಪಪ್ಪಾ, ಈಗ ಯಾರೂ ಬಿಡುಗಡೆ ಮಾಡೂದಿಲ್ಲ, ತಾವೇ ಯೂಟ್ಯೂಬಿಗೆ ಹಾಕ್ತಾರ. ಬಾಳು ಬೆಳಗುಂದಿ ಹಂಗ ಹಾಡಿ ಹಾಡೇ ಝೀ ಕನ್ನಡದ ಸರಿಗಮಪ ತನಕ ಹೋಗಿದ್ದು. ಮಾಳು ನಿಪನಾಳನ ಡ್ರೈವರ್ ಹಾಡು ಕೇಳಿಲ್ಲೇನು?" ಎಂದಳು. ಕೇಳಿರಲಿಲ್ಲ. ಕೋಟಿಗಟ್ಟಲೆ ಜನ ಕೇಳಿದ ಹಾಡು ನಮ್ಮ ಮನೆಯೊಳಗೆ ಮಾತ್ರ ಹೊಕ್ಕಿರಲಿಲ್ಲ, ಯಾಕೆಂದರೆ ಬಾಗಿಲಲ್ಲಿ ನಾನು ಮನಸೂರರನ್ನು ಹಿಡಿದುಕೊಂಡು ನಿಂತಿದ್ದೆ.

ಎಲ್ಲರಿಗೂ ಗೊತ್ತಿದ್ದದ್ದು ನನಗೆ ಬೇಡ. ಯಾರಿಗೂ ಗೊತ್ತಿಲ್ಲದ್ದನ್ನು ನಾನೇ ಶೋಧಿಸಬೇಕೆಂದು ಹಟ ಹುಟ್ಟಿತು. ಹೆದ್ದಾರಿ ಬದಿಯ ಚಾದಂಗಡಿಯಲ್ಲಿ ಟೆಂಪೊ ಡ್ರೈವರುಗಳ ನಡುವೆ ನಾಲ್ಕು ಸಂಜೆ ಕೂತೆ, ಹನ್ನೊಂದು ಕಪ್ ಚಾ ಕುಡಿದೆ, ಆರು ಮಿರ್ಚಿ ತಿಂದೆ. ಒಬ್ಬ ಡ್ರೈವರ್ ಪುಣ್ಯಾತ್ಮ ಪೆನ್‌ಡ್ರೈವ್ ಕೊಟ್ಟ. ಮುನ್ನೂರು ಹಾಡಲ್ಲಿ ಇನ್ನೂರ ಎಂಬತ್ತು ಒಂದೇ ಹುಡುಗಿಯ ಮೇಲೆ ಬರೆದಂತಿದ್ದವು. ಅಷ್ಟೂ ಮಂದಿಗೆ ಕೈಕೊಟ್ಟ ಆಕೆಯ ಬಗ್ಗೆ ನನಗೆ ಗೌರವ ಹುಟ್ಟಿತು. ಹೆಚ್ಚಿನ ವಿಡಿಯೊಗಳಲ್ಲಿ ಗಾಯನ, ಸಾಹಿತ್ಯ, ಕಾರ್ಯಕ್ರಮಕ್ಕೆ ಸಂಪರ್ಕಿಸಿ ಎಂದು ಫೋನ್ ನಂಬರು. ಕಂಪನಿಯಿಲ್ಲ, ದಲ್ಲಾಳಿಯಿಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಧ್ವನಿಮುದ್ರಿಕೆ ಕೊಡಲು ಮುಂಬೈತನಕ ಹೋಗಬೇಕಿತ್ತು, ಅಲ್ಲಿ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಮಾತ್ರ. ಅಷ್ಟರಲ್ಲೇ ರಾಗ ಕಟ್ಟಿ ಮುಗಿಸಬೇಕು. ಈ ಹುಡುಗರಿಗೆ ನಾಲ್ಕು ನಿಮಿಷ ಸಿಗುತ್ತದೆ, ಅದರಲ್ಲಿ ಒಂದು ನಿಮಿಷ ಗೆಳೆಯರ ಹೆಸರು ಹೇಳುವುದಕ್ಕೇ ಹೋಗುತ್ತದೆ.

ಐದನೇ ದಿನ ಯೂಟ್ಯೂಬಿನಲ್ಲಿ ನನಗೆ ಬೇಕಾದ ಹಾಡು ಸಿಕ್ಕಿತು. ಹಾಡಿನಲ್ಲಿ ಒಬ್ಬ 'ಅಳತಿ ಮಾಮಾ' ಬರುತ್ತಾನೆ. ಕಂಡದ್ದನ್ನೆಲ್ಲ ಅಳೆಯುತ್ತಾನೆ. ರೊಟ್ಟಿ ಅಳೆದು ದಪ್ಪಾತು ಅಂತಾನೆ, ನೆರಳು ಅಳೆದು ಸಣ್ಣಾತು ಅಂತಾನೆ, ಯಾವುದೂ ಅವನ ಗೇಜಿಗೆ ಪಾಸಾಗುವುದಿಲ್ಲ. ಹಿಂದೆ ಢಂ ಢಂ ಎಂದು ಬಡಿತ. ನನ್ನ ಮೈಮೇಲೆ ಮುಳ್ಳೆದ್ದವು. ನೋಡಿದವರ ಸಂಖ್ಯೆ 212. ವಾರದಲ್ಲಿ ಅದು 300 ದಾಟಿತು, ದಾಟಿಸಿದವನು ಹೆಚ್ಚುಕಡಿಮೆ ನಾನೊಬ್ಬನೇ. ಬಸ್ಸಿನಲ್ಲಿ ಗುನುಗಿದೆ, ಊಟದ ಹೊತ್ತಿನಲ್ಲಿ ಗುನುಗಿದೆ. ಕ್ಯಾಂಟೀನಿನಲ್ಲಿ ಹುಡುಗರು ನನ್ನನ್ನು ಕಂಡರೆ ತಲೆ ತಗ್ಗಿಸಿ ಭುಜ ಕುಣಿಸುತ್ತಿದ್ದರು. ಹಾಡು ಹತ್ತಿಕೊಂಡಿದೆ ಎಂದು ಹಿಗ್ಗಿದೆ.

ಪೂಜೆಯ ದಿನ ಬಂತು. ಮಷಿನುಗಳಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ಮನೆಯವರೆಲ್ಲ ಬಂದಿದ್ದರು. ಹಾಡು ಹಚ್ಚುವ ಮೊದಲು ನಾನು ಮೈಕ್ ಹಿಡಿದು ಎರಡು ಮಾತು ಹೇಳಿದೆ. ಎರಡು ಮಾತು ಹದಿನೈದು ನಿಮಿಷವಾಯಿತು. "ಇದು ಬರೇ ನಗಿಸೋ ಹಾಡಲ್ಲ, ತತ್ವಪದ. ಶಿಶುನಾಳ ಶರೀಫರ ನಾಡಿನಾಗ ಮಾತ್ರ ಇಂಥಾದ್ದು ಹುಟ್ಟತೈತಿ. ಅಳತಿ ಮಾಮಾ ಅಂದ್ರ ಯಾರು? ನಮ್ಮ ಆಯುಷ್ಯ ಅಳೆಯೋ ಪರಮಾತ್ಮ! ರೊಟ್ಟಿ ಅಂದ್ರ ದೇಹ, ನೆರಳು ಅಂದ್ರ ಮಾಯಾ. ಇನ್ನ ಆ ಬಡಿತ ಕೇಳ್ರಿ, ಬೆಳಗಾವಿ ಕಡಿ ಹಳೇ ಹಲಗಿ ಮಜಲು." ಹೆಂಗಸರು ಕೈಮುಗಿದರು. ಹುಡುಗರು ಯಾಕೋ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ಭಕ್ತಿ ಎಂದುಕೊಂಡೆ. "ಈ ಕವಿ ಎಲ್ಲೇ ಇರಲಿ, ನನ್ನ ಕಡೆಯಿಂದ 500 ರೂಪಾಯಿ ಬಹುಮಾನ" ಎಂದೂ ಘೋಷಿಸಿಬಿಟ್ಟೆ.

ಹಿಂದಿನಿಂದ ಯಾರೋ ಒಬ್ಬನನ್ನು ಮುಂದಕ್ಕೆ ದಬ್ಬಿದರು. ನಮ್ಮದೇ ಸಿಎನ್‌ಸಿ ನಡೆಸುವ ಗರಗದ ಕಡೆಯ ಹುಡುಗ. ತಿಂಗಳ ಹಿಂದೆ ನಾನು ಎಲ್ಲರೆದುರು ಬೈದಿದ್ದವನು. ಅವನು ಮಷಿನ್ ನಿಲ್ಲಿಸಿ, "ಸೌಂಡ್ ಬದಲಾಗೇತ್ರಿ ಸಾಹೇಬ್ರ, ಇನ್ಸರ್ಟ್ ಸವದಂಗ ಕಾಣಸ್ತೈತಿ" ಅಂದಿದ್ದ. "ಕಿವೀಲೆ ಅಳತಿ ಮಾಡ್ತಿಯೇನಲೇ? ವರ್ನಿಯರ್ ಯಾಕ ಐತಿ ಮತ್ತ?" ಎಂದು ಚಾಲು ಮಾಡಿಸಿದ್ದೆ. ಮುಂದಿನ ಐದು ಪೀಸು 20 ಮೈಕ್ರಾನ್ ದಪ್ಪವಾಗಿ ಬಂದು ಕೆಂಪು ಡಬ್ಬಿಗೆ ಬಿದ್ದಿದ್ದವು.

"ನೀ ಬರದದ್ದೇನೋ ತಮ್ಮಾ?"

"ಹೌದ್ರಿ. ಹಾಡಿದ್ದೂ ನಾನರಿ."

"ಅಳತಿ ಮಾಮಾ ಅಂದ್ರ ಯಾರು, ಹೇಳು ಎಲ್ಲಾರ ಮುಂದ."

ಹುಡುಗ ಒಂದು ಕ್ಷಣ ನನ್ನ ಅಂಗಿಯ ಕಿಸೆ ನೋಡಿದ. ಅದರಲ್ಲಿ ವರ್ನಿಯರ್ ಇತ್ತು. "ನೀವು ಹೇಳಿದಂಗರೀ, ಪರಮಾತ್ಮರೀ" ಅಂದ.

ಶೆಡ್ಡಿನ ತಗಡು ಹಾರಿಹೋಗುವಂತೆ ಚಪ್ಪಾಳೆ. ನಾನು ಕಣ್ಣೊರೆಸಿಕೊಂಡು, "ಹಲಗಿ ಯಾವ ಮೇಳದವರದು?" ಎಂದೆ. "ಹಲಗಿ ಅಲ್ರಿ ಅದು. ಬಾಜೂ ಶೆಡ್ಡಿನ 100 ಟನ್ ಪ್ರೆಸ್. ಸೆಕೆಂಡ್ ಶಿಫ್ಟಿನಾಗ ಮೊಬೈಲಿನಾಗ ರೆಕಾರ್ಡ್ ಮಾಡಿದ್ದೆ." ಇಪ್ಪತ್ತಾರು ವರ್ಷ ದಿನಾ ಎಂಟು ತಾಸು ಕೇಳಿದ ಸದ್ದು!

ಹಾಡು ಹಚ್ಚಿದರು. ಮೂರನೇ ನುಡಿ ಬಂತು. ಫೋನಿನಲ್ಲಿ ನಾನು ಯಾವಾಗಲೂ ಎರಡನೇ ನುಡಿಗೇ ಹಿಂದಕ್ಕೆ ಎಳೆದು ಮೊದಲಿನಿಂದ ಕೇಳುತ್ತಿದ್ದೆ, ಅಷ್ಟರಲ್ಲೇ ತತ್ವ ಸಿಕ್ಕಿತ್ತಲ್ಲ! ಮೂರನೆಯದರಲ್ಲಿ ಮಾಮಾ ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುತ್ತಾನೆ, ಮೊದಲ ಸಾಲಿನಲ್ಲಿ ಕೂತು ಕಛೇರಿ ಕೇಳಿದ ಕಥೆ ಹೇಳುತ್ತಾನೆ, ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ಗುಳಿಗೆ ನುಂಗುತ್ತಾನೆ.

ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ರೀ, ಈ ಪರಮಾತ್ಮಗ ಬಿಪಿನೂ ಐತಲ್ರೀ" ಎಂದಳು.

ಕೊರಳ ದಾರದಲ್ಲಿ ತೂಗುತ್ತಿದ್ದ ಕನ್ನಡಕವನ್ನು ಮೆಲ್ಲಗೆ ಅಂಗಿಯೊಳಗೆ ಬಿಟ್ಟುಕೊಂಡೆ. 500 ರೂಪಾಯಿ ಕೊಟ್ಟೆ. ಮೈಕಿನಲ್ಲಿ ಹೇಳಿದ ಮಾತಿಗೆ ರಿವರ್ಕ್ ಇಲ್ಲ.

ಹಬ್ಬ ಮುಗಿಸಿ ಶೆಡ್ ತೆರೆದ ದಿನ ಹುಡುಗ ನನ್ನ ಮೇಜಿನ ಹತ್ತಿರ ಬಂದು ಬನ್ನಿ ಎಲೆ ಕೈಗಿಟ್ಟ. "ಬಂಗಾರದಂಗ ಇರೂಣ್ರಿ ಸಾಹೇಬ್ರ" ಅಂದು ಕಾಲು ಮುಟ್ಟಿದ. ಇನ್ನೊಂದು ಕೈಯಲ್ಲಿ ರಜೆಯ ಅರ್ಜಿ. ಎರಡು ದಿನ, ಹೊಸ ಹಾಡಿನ ರೆಕಾರ್ಡಿಂಗ್.

ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಕೇಳಿದೆ. "ಇದರಾಗ ಮಾಮಾ ಅದಾನೇನು?"

"ಛೆ ಛೆ, ಇಲ್ರಿ ಸಾಹೇಬ್ರ."

ನೆಮ್ಮದಿಯಿಂದ ಸಹಿ ಹಾಕಿದೆ. ಅವನು ಅರ್ಜಿ ಮಡಿಸಿ ಕಿಸೆಗಿಟ್ಟುಕೊಂಡು ಬಾಗಿಲತನಕ ಹೋಗಿ ತಿರುಗಿದ.

"ಈ ಸಲ ಆರತಿ ಹಿಡದು ಒಬ್ಬಾಕಿ ಅತ್ತಿ ಬರ್ತಾಳ್ರಿ."