ನರ್ಸಿಂಗ್ ಸೀಟು: ಉಪಯೋಗಿಸುವ ಮುನ್ನ ಚೆನ್ನಾಗಿ ಕುಲುಕಿರಿ

ಔಷಧಿ ಬಾಟಲಿಯ ಮೇಲಿನ ಈ ಸೂಚನೆ ಬಿ.ಎಸ್ಸಿ ನರ್ಸಿಂಗ್ ಸೇರುವವರಿಗೂ ಅನ್ವಯಿಸುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕುಲುಕಿಸಿಕೊಳ್ಳುವವರು ನೀವು. ನಾಡಕಚೇರಿ ಒಂದು ಸಲ ಕುಲುಕುತ್ತದೆ, ಬಿಇಒ ಕಚೇರಿ ಇನ್ನೊಂದು ಸಲ, ಸರ್ವರ್ ಬೇಕೆನಿಸಿದಾಗಲೆಲ್ಲ. ಈ ಕೈಪಿಡಿ ಬರೆಯುತ್ತಿರುವ ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತಂಗಿಯ ಮಗಳ ಹಿಂದೆ ಪ್ಲಾಸ್ಟಿಕ್ ಫೈಲು ಹಿಡಿದು ಎರಡು ತಿಂಗಳು ಅಲೆದ ಸೋದರಮಾವ. ಝೆರಾಕ್ಸ್ ಅಂಗಡಿಯವನು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಡಬ್ಬಿಯಲ್ಲಿ ಏನೇನಿರಬೇಕು

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಓದಿ ಪಾಸಾದ, ಆ ವರ್ಷದ ಡಿಸೆಂಬರ್ 31ರೊಳಗೆ 17 ತುಂಬುವ ಮಗು ಒಂದು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ 45 ಅಂಕ, ಪರಿಶಿಷ್ಟರಾದರೆ ಶೇ 40. ಗಂಡು ಮಗುವಾದರೂ ನಡೆಯುತ್ತದೆ. ಮೈಭಾರದ ರೋಗಿಯನ್ನು ಮಗ್ಗುಲು ಬದಲಿಸುವಾಗ ವಾರ್ಡಿನವರೆಲ್ಲ ಮೊದಲು ಕೂಗುವುದು ಅವನ ಹೆಸರನ್ನೇ.

ಎಂಬಿಬಿಎಸ್ ಸಿಗಲಿಲ್ಲ ಎಂಬ ಬೇಸರವೂ ಒಂದು ಬೇಕು. ಇದನ್ನು ಬೇರೆ ಕೊಳ್ಳಬೇಕಿಲ್ಲ, ನೆಂಟರು ಬರುವಾಗ ಬಾಳೆಹಣ್ಣಿನ ಜೊತೆ ತರುತ್ತಾರೆ. "ನರ್ಸಾ? ಬೇರೆ ಏನೂ ಸಿಗಲಿಲ್ವಾ? ರಾತ್ರಿ ಪಾಳಿ ಮಾಡೋಳನ್ನ ಯಾರು ಒಪ್ತಾರೆ?" ಎಂದ ಬಾಯಲ್ಲೇ, ಕಾಫಿ ಮುಗಿಯುವಷ್ಟರಲ್ಲಿ, "ಜರ್ಮನಿಗೆ ಹೋದ್ರೆ ಲಕ್ಷಗಟ್ಟಲೆ ಕೊಡ್ತಾರಂತಲ್ಲ?" ಎಂದೂ ಬರುತ್ತದೆ. ಕೊಡುತ್ತಾರೆ. ಅದಕ್ಕೆ ಮೊದಲು ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ ಎಂಬುದನ್ನು ಬಾಳೆಹಣ್ಣು ತಂದವರು ಹೇಳುವುದಿಲ್ಲ.

ನೆಂಟರ ಬಾಯಿ ಮುಚ್ಚಿಸಲು ಒಂದು ಮದ್ದಿದೆ. 1820ರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲಳ ಮನೆಯವರೂ ನರ್ಸ್ ಕೆಲಸ ಬೇಡವೆಂದೇ ಹಟ ಹಿಡಿದಿದ್ದರು. ಶ್ರೀಮಂತರ ಮನೆ, ಮರ್ಯಾದೆಯ ಪ್ರಶ್ನೆ. ಆಕೆ ಕೇಳಲಿಲ್ಲ. ಕ್ರಿಮಿಯನ್ ಯುದ್ಧದ ಸೈನಿಕರ ಸಾವುಗಳನ್ನು ಲೆಕ್ಕಹಾಕಿ, ಗಾಯಕ್ಕಿಂತ ರೋಗಕ್ಕೆ ಸತ್ತವರೇ ಹೆಚ್ಚು ಎಂದು ಚಿತ್ರ ಬರೆದು ಸರ್ಕಾರದ ಮುಂದಿಟ್ಟಳು. ಮ್ಯಾಥ್ಸ್ ಬರದವರು ನರ್ಸಿಂಗ್‌ಗೆ ಹೋಗಲಿ ಎನ್ನುವವರಿಗೆ ಇದನ್ನು ತಪ್ಪದೆ ಹೇಳಿ.

ಬಿಡಿಭಾಗಗಳ ಜೋಡಣೆ

2023ರಿಂದ ಕರ್ನಾಟಕದಲ್ಲಿ ಬಿ.ಎಸ್ಸಿ ನರ್ಸಿಂಗ್‌ಗೂ ಸಿಇಟಿ ಬರೆಯಬೇಕು. ಮೂರು ವಿಷಯ, ತಲಾ 60 ಪ್ರಶ್ನೆ, ತಲಾ 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪರೀಕ್ಷೆಯ ಬಗ್ಗೆ ಇದಕ್ಕಿಂತ ಹೇಳಬೇಕಾದ್ದಿಲ್ಲ. ನಿಜವಾದ ಪರೀಕ್ಷೆ ಕಾಗದಪತ್ರದ್ದು.

ನಮ್ಮ ಹುಡುಗಿಯ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇತ್ತು, ಆಧಾರ್‌ನಲ್ಲಿ ಮುಂದೆ ಇತ್ತು, ಜಾತಿ ಪ್ರಮಾಣಪತ್ರದಲ್ಲಿ ಇರಲೇ ಇಲ್ಲ. ಕೌಂಟರಿನಲ್ಲಿದ್ದವರು ಮೂರೂ ಕಾಗದಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು, ಕನ್ನಡಕದ ಮೇಲಿಂದ ನೋಡಿ, "ಇವರು ಮೂರೂ ಜನ ಎಲ್ಲಿ?" ಎಂದರು.

"ಒಬ್ಬಳೇ ಸಾರ್. ಇವಳೇ."

"ನೀವು ಹೇಳಿದ್ರೆ ಆಯ್ತಾ? ಅಫಿಡವಿಟ್ ತನ್ನಿ."

ತಂದೆವು. ಎದುರಿಗೇ ನಿಂತಿರುವ ಹುಡುಗಿ ತಾನೇ ತಾನು ಎಂದು ಸಾಬೀತುಮಾಡಲು ಛಾಪಾ ಕಾಗದ, ನೋಟರಿ, ಒಂದು ದಿನದ ಕೂಲಿ, ಎರಡು ಬಸ್ಸು. ಆದ್ದರಿಂದ ಮೊದಲ ಸೂಚನೆ: ಪಿಯುಸಿ ಪಠ್ಯಪುಸ್ತಕ ತೆರೆಯುವ ಮುನ್ನ ಆಧಾರ್ ತೆರೆದು, ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಮನೆದೇವರ ಹೆಸರಿನಷ್ಟೇ ಭದ್ರವಾಗಿ ನೆನಪಿಡಿ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ, ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮವಾದರೆ ಅದಕ್ಕೊಂದು, ಕಲ್ಯಾಣ ಕರ್ನಾಟಕದವರಾದರೆ 371ಜೆ ಮೀಸಲಾತಿಗೆ ಇನ್ನೊಂದು. ನಾವು ಹೋದಾಗ ಶಾಲೆಯ ಕಾಗದಗಳಿಗೆ ಬಿಇಒ ಮೇಲುಸಹಿ ಬೇಕಿತ್ತು. ಸಹಿ ಇದ್ದ ದಿನ ಸೀಲು ಇರಲಿಲ್ಲ. ಸೀಲು ಸಿಕ್ಕ ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದರು.

ದೇಹದಾರ್ಢ್ಯದ ಪ್ರಮಾಣಪತ್ರವೂ ಬೇಕು. ಅದನ್ನು ಕೊಟ್ಟವರು ತಲೆ ಎತ್ತದೆ ಸಹಿ ಮಾಡಿ "ನೆಕ್ಸ್ಟ್" ಎಂದರು. ಮುಂದೆ ನಾಲ್ಕು ವರ್ಷ ರೋಗಿಯ ಮುಖ ನೋಡಿ ಮಾತನಾಡಬೇಕೆಂದು ಕಲಿಯಲಿರುವವಳಿಗೆ ಮೊದಲ ಪಾಠ ಹೀಗಾಯಿತು.

ಗುಂಡಿ ಒತ್ತುವ ಕ್ರಮ

ರ‍್ಯಾಂಕ್ ಬಂದ ಮೇಲಿನ ಆಪ್ಷನ್ ಎಂಟ್ರಿ ಎಂದರೆ ಜಾತಕ ಹಂಚುವುದು. ಬೇಕೆನಿಸಿದ ಕಾಲೇಜನ್ನು ಮೇಲೆ, ನಂತರದ್ದನ್ನು ಕೆಳಗೆ ಹಾಕಿ. "ಅದು ನಮಗೆಲ್ಲಿ ಸಿಗುತ್ತೆ" ಎಂದು ಒಳ್ಳೆಯದನ್ನು ಕೆಳಕ್ಕೆ ತಳ್ಳುವವರು ಬಹಳ ಜನ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ಧಕ್ಕೆಯಿಲ್ಲ, ರ‍್ಯಾಂಕಿಗೆ ದಕ್ಕುವ ಮೊದಲನೆಯದು ತಾನೇ ಬರುತ್ತದೆ. ಸತ್ತರೂ ಹೋಗಲಾರದ ಕಾಲೇಜನ್ನು ಮಾತ್ರ ಹಾಕಬೇಡಿ. ಅದೇ ಸಿಗುತ್ತದೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ. ತಂಗಿಗೆ ಎಷ್ಟು ಓದಿ ಹೇಳಿದರೂ ಅರ್ಥವಾಗಲಿಲ್ಲ, ಕೊನೆಗೆ ಹೀಗೆ ಹೇಳಿದೆ. ಒಂದು: ಗಂಡು ಒಪ್ಪಿಗೆ, ತಾಂಬೂಲ ಬದಲಾಯಿಸಿ. ಎರಡು: ಒಪ್ಪಿಗೆಯೇ, ಆದರೆ ಇದಕ್ಕಿಂತ ಒಳ್ಳೆಯ ಸಂಬಂಧ ಬಂದರೆ ಅದಕ್ಕೇ ಹೋಗುತ್ತೇವೆ. ಬಂದದ್ದೇ ಆದರೆ ಹಳೆಯದು ತಾನಾಗಿ ಮುರಿಯುತ್ತದೆ. ಮೂರು: ಇದು ಬೇಡ, ಬೇರೆ ತೋರಿಸಿ. ನಾಲ್ಕು: ಮದುವೆಯೇ ಬೇಡ. ತಂಗಿ ತಕ್ಷಣ, "ಅಣ್ಣ, ಎರಡು ಒತ್ತು" ಎಂದಳು. ತನ್ನ ಮದುವೆಯಲ್ಲೂ ಈ ಅನುಕೂಲ ಇರಬೇಕಿತ್ತು ಎಂದು ಮೆಲ್ಲಗೆ ಸೇರಿಸಿದಳು, ಭಾವ ಹೊರಗಿದ್ದರು.

ಎಚ್ಚರಿಕೆ: ಮಕ್ಕಳ ಕೈಗೆ ಸಿಗದಂತೆ ಇಡಿ

ಇದು ಏಜೆಂಟರ ಫೋನ್ ನಂಬರಿಗೆ. "ಎರಡೇ ಸೀಟು ಉಳಿದಿರೋದು ಸಾರ್, ಇವತ್ತೇ ಬ್ಲಾಕ್ ಮಾಡಿಸಿ" ಎಂಬ ಕರೆ ನಮಗೆ ಒಂದು ವಾರ ದಿನವೂ ಬಂತು. ಏಳು ದಿನವೂ ಎರಡೇ ಸೀಟು. ಆ ಎರಡು ಸೀಟಿಗೆ ಅಕ್ಷಯಪಾತ್ರೆಯ ಗುಣವಿದೆ.

ಕಾಲೇಜಿನ ಹೆಸರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯೇ, ರಾಜ್ಯದ ನರ್ಸಿಂಗ್ ಕೌನ್ಸಿಲ್ ಒಪ್ಪಿದೆಯೇ ಎಂದು ಮೊದಲು ನೋಡಿ. ಆಮೇಲೆ ಖುದ್ದಾಗಿ ಹೋಗಿ. ಗಾಜಿನ ಕಟ್ಟಡ, ಸ್ಕೆಲಿಟನ್ ಇಟ್ಟ ಲ್ಯಾಬು, ಗೋಡೆಯ ಮೇಲೆ ದೀಪ ಹಿಡಿದ ನೈಟಿಂಗೇಲ್ ಎಲ್ಲ ಕಡೆಯೂ ಇರುತ್ತವೆ. ಅಂದಹಾಗೆ ಆಕೆ ಹಿಡಿದು ಓಡಾಡಿದ್ದು ಮಡಚುವ ತುರ್ಕಿ ಲಾಂದ್ರ. ಫೋಟೋದಲ್ಲಿರುವ ಅಲ್ಲಾವುದ್ದೀನನ ದೀಪ ಚಿತ್ರಕಾರರ ಕೊಡುಗೆ. ನೀವು ಕೇಳಬೇಕಾದ್ದು ಆಸ್ಪತ್ರೆ ಎಲ್ಲಿ ಎಂದು. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಿರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕ. ನಾವು ಹೋದ ಒಂದು ಕಡೆ ಹಾಸಿಗೆಗಳಿದ್ದವು, ದಿಂಬಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. ನನ್ನ ಅಳತೆಗೋಲು ಸುಲಭದ್ದು. ಬೆಳಿಗ್ಗೆ 11 ಗಂಟೆಗೆ ಒಪಿಡಿ ಬಾಗಿಲಲ್ಲಿ ನಿಂತು ಚಪ್ಪಲಿ ಎಣಿಸಿ. ಸವೆದ ಹವಾಯಿ ಚಪ್ಪಲಿ ರಾಶಿ ಬಿದ್ದಿದ್ದರೆ ಧೈರ್ಯವಾಗಿ ಸೇರಿಸಿ.

ಒರಿಜಿನಲ್ ಅಂಕಪಟ್ಟಿಗಳನ್ನು ಪರಿಶೀಲಿಸಿ ವಾಪಸು ಕೊಡಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. "ಸೇಫಾಗಿರುತ್ತೆ ಬಿಡಿ" ಎಂದರೆ, ನಮ್ಮ ಮನೆಯ ಬೀರುವೂ ಸೇಫಾಗಿದೆ ಎನ್ನಿ.

ಸಾಧನ ಕೆಲಸ ಮಾಡದಿದ್ದರೆ

ಪದವಿ ಸೀಟು ಸಿಗದಿದ್ದರೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ, ಅಲ್ಲಿಂದ ಮುಂದೆ ಪೋಸ್ಟ್ ಬೇಸಿಕ್ ಪದವಿಗೂ ದಾರಿಯಿದೆ. ಅತ್ತು ಕೂರುವ ಅಗತ್ಯವಿಲ್ಲ.

ಎಲ್ಲ ಕಾಗದವನ್ನೂ ಕೇಳಿದ ವ್ಯವಸ್ಥೆ ಒಂದನ್ನು ಮಾತ್ರ ಕೇಳಲಿಲ್ಲ. ನಮ್ಮ ಹುಡುಗಿ ಹೈಸ್ಕೂಲಿನಿಂದಲೂ ಅಜ್ಜಿಯ ಪಕ್ಕ ಮಲಗಿದವಳು. ಅಜ್ಜಿಗೆ ಚಳುಕು ಬೇರೆ, ಸೆಳೆತ ಬೇರೆ, ಜೋಮು ಬೇರೆ. "ಹೊಟ್ಟೆ ತೊಳಸ್ತದೆ" ಎಂದರೆ ವಾಂತಿ ಬರಲಿದೆ, "ಹೊಟ್ಟೆ ನುಲೀತದೆ" ಎಂದರೆ ಬಚ್ಚಲ ಕಡೆ ದಾರಿ ಬಿಡಬೇಕು, "ಎದೇಲಿ ಏನೋ ಸಂಕಟ" ಎಂದರೆ ಆಟೋ ಕರೆಯಬೇಕು. ದೂರದ ರಾಜ್ಯಗಳಿಂದ ಬೆಂಗಳೂರಿಗೆ ಓದಲು ಬರುವ ಮಕ್ಕಳು "ಊಟ ಆಯ್ತಾ, ಮೋಷನ್ ಆಯ್ತಾ" ಎಂದು ಪಾಪ ಬಲು ಬೇಗ ಕಲಿಯುತ್ತಾರೆ. ತೊಳಸುವುದಕ್ಕೂ ನುಲಿಯುವುದಕ್ಕೂ ಇರುವ ದೂರ ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಇವಳಿಗೆ ಅದು ಗೊತ್ತಿತ್ತು, ಅದಕ್ಕೆ ಅಂಕವಿರಲಿಲ್ಲ. ಅರ್ಜಿಯಲ್ಲಿ ತುಂಬಲು ಖಾನೆಯೂ ಇರಲಿಲ್ಲ.

ಸೀಟು ಸಿಕ್ಕಿತು, ಎರಡನೇ ಸುತ್ತಿನಲ್ಲಿ. ದಸರಾ ರಜಕ್ಕೆ ಮನೆಗೆ ಬಂದವಳು ಚೀಲ ಇಳಿಸಿದ ಕೂಡಲೇ ಅಜ್ಜಿಯನ್ನು ಕುರ್ಚಿಗೆ ಎತ್ತಿ ಕೂರಿಸಿ, ಕಾಲೇಜಿನಲ್ಲಿ ಕಲಿತಂತೆ ಹಾಸಿಗೆ ಹಾಸಿದಳು. ದುಪ್ಪಟಿಯ ತುದಿಯನ್ನು ಲಕೋಟೆಯ ಹಾಗೆ ಓರೆಯಾಗಿ ಮಡಿಸಿ, ಒಂದು ಸುಕ್ಕೂ ಇಲ್ಲದಂತೆ ಎಳೆದು, ಮೂಲೆಯನ್ನು ಹಾಸಿಗೆಯಡಿ ಸಿಕ್ಕಿಸಿದಳು. "ಸುಕ್ಕಿದ್ರೆ ಬೆನ್ನು ಹುಣ್ಣಾಗುತ್ತೆ ಮಾವ" ಎಂದಳು. ಅವಳು ಹಾಸ್ಟೆಲಿಗೆ ಹೋಗಿ ಹತ್ತು ದಿನವಾಯಿತು. ಆ ಮೂಲೆ ಕೆಡಬಾರದೆಂದು ನಮ್ಮಮ್ಮ ಈಗಲೂ ಗೋಡೆಗೆ ಒತ್ತಿಕೊಂಡೇ ಮಲಗುತ್ತಾಳೆ.