ಹಲ್ಲಿನ ಡಾಕ್ಟರ್ ಇಟ್ಟ ಗಾಡಿ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಚಹಾಕ್ಕೆ ನಿಂತರೆ ಸಾಕು, ಸಾವ್ಕಾರ್ರು ಹಿಡಿಯುತ್ತಾರೆ. ಗಂಜಿನಲ್ಲಿ ಹತ್ತಿ ದಲಾಲಿ ಅವರ ಕಸುಬು, ಗಾಡಿ ಮಾರುವುದು ಚಟ.

"ಮಾಸ್ತರ್ರ, ಫಾರಿನ್ ಗಾಡಿ ಅದ. ತಗೋತೀರೇನ್ರಿ?"

ಫಾರಿನ್ ಎಂದರೆ ಹಳೇ ಸ್ಕೋಡಾ ಆಕ್ಟೇವಿಯಾ. ಕಂಪನಿ ಜೆಕ್ ದೇಶದ್ದು, ನಿಜ. ಆದರೆ ಆ ಗಾಡಿ 2001ರಿಂದ ಜೋಡಣೆಯಾದದ್ದು ಔರಂಗಾಬಾದಿನಲ್ಲಿ. 1956ರ ತನಕ ಔರಂಗಾಬಾದೂ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಆ ಲೆಕ್ಕಕ್ಕೆ ಸ್ಕೋಡಾ ನಮ್ಮ ಮನೆ ಮಗಳು, ಬಿಡದಿಯ ಟೊಯೊಟಾನೇ ಪರದೇಶಿ. ಇದನ್ನು ಹೇಳಿದ್ದಕ್ಕೆ ಸಾವ್ಕಾರ್ರು, "ಇತಿಹಾಸ ಸಾಲ್ಯಾಗ ಹೇಳ್ರಿ" ಅಂದರು.

ಎತ್ತಿನ ಸಂತೆಯ ಪದ್ಧತಿ ಅವರದು. ಬಾನೆಟ್ ಮೇಲೆ ಕೈ ಇಡಿಸಿ, ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಸುತ್ತ ನರಪಿಳ್ಳೆ ಇಲ್ಲದಿದ್ದರೂ ಟವೆಲ್ ಬೇಕು.

"ಸಿಂಗಲ್ ಹ್ಯಾಂಡ್. ಹಲ್ಲಿನ ಡಾಕ್ಟರ್ ಇಟ್ಟಿದ್ರು. ಮನಿ, ದವಾಖಾನಿ, ಅಷ್ಟ ಓಡ್ಯದ."

"ಎಸಿ?"

"ಗ್ಯಾಸ್ ತುಂಬಿಸಿದ್ರ ಊಟಿ ರೀ."

ಮೇ ತಿಂಗಳ ರಾಯಚೂರಿನಲ್ಲಿ ನಿಂತು ಊಟಿಯ ಹೆಸರು ಹೇಳಲು ಗುಂಡಿಗೆ ಬೇಕು. ಡಾಕ್ಟರ್ ಯಾರೆಂದು ಮಾತ್ರ ಕೊನೆಗೂ ಹೇಳಲಿಲ್ಲ.

ನಾನು ತಗೊಳ್ಳಲಿಲ್ಲ. ಮಾನ್ವಿಯ ಭತ್ತದ ರೈತರೊಬ್ಬರು ಅರ್ಧ ರೊಕ್ಕ, ಅರ್ಧಕ್ಕೆ ಟ್ರ್ಯಾಕ್ಟರ್ ಟ್ರಾಲಿ ಕೊಟ್ಟು ಒಯ್ದರು. ಫಾರಂ 29, 30ಕ್ಕೆ ಸಾವ್ಕಾರ್ರು ತಾರೀಖಿಲ್ಲದೆ ಸಹಿ ಒಗೆದರು. "ಹೆಸರು ನಿಧಾನಕ್ಕ ಮಾಡಿಸ್ಕೋತಾರ ಬಿಡ್ರಿ."

ವರ್ಷದ ಮೇಲೆ ಸಾವ್ಕಾರ್ರಿಗೆ ದೇವದುರ್ಗದಿಂದ ಫೋನು: ಟ್ರಾಲಿ ಕೊಟ್ಟರೆ ಫಾರಿನ್ ಗಾಡಿ ಕೊಡುತ್ತಾರಂತೆ, ಮೇಲೆ ಸ್ವಲ್ಪ ರೊಕ್ಕ. ಸಾಕ್ಷಿಗೆ ನನ್ನನ್ನೂ ಹತ್ತಿಸಿಕೊಂಡರು. ಬೇವಿನ ಗಿಡದ ಕೆಳಗೆ ಬಿಳಿ ಗಾಡಿ, ನಂಬರ್ ಪ್ಲೇಟಿಗೆ ಬೆರಳು ದಪ್ಪ ಕೆಸರು, ಬಾಗಿಲ ಸಂದಿಯಲ್ಲಿ ಹಳೇ ಕರಿ ಬಣ್ಣ ಇಣುಕುತ್ತಿತ್ತು.

"ಸಿಂಗಲ್ ಹ್ಯಾಂಡ್ ಐತ್ರಿ ಸಾವ್ಕಾರ್ರ. ಬೆಂಗಳೂರಿನ ಹೃದಯದ ಡಾಕ್ಟರ್ ಇಟ್ಟಿದ್ರು."

"ಎಸಿ?"

"ಗ್ಯಾಸ್ ತುಂಬಿಸಿದ್ರ ಊಟಿ ರೀ."

ಸಾವ್ಕಾರ್ರು ಆರ್‌ಸಿ ಕೇಳಿದರು. ಚಾಳೀಸು ಏರಿಸಿದರು. ಕೆಎ-36. ಮಾಲೀಕರ ಹೆಸರು ಅವರದೇ, ಕೆಳಗೆ ಅವರ ತಂದೆಯ ಹೆಸರು. ಎರಡು ಸಲ ಓದಿ, ಮಾತಾಡದೆ ವಾಪಸ್ ಕೊಟ್ಟರು. ಇನ್ನು ಜಗಳ ಶುರು ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಸಾವ್ಕಾರ್ರು ಹೆಗಲ ಟವೆಲ್ ತೆಗೆದು ಬಾನೆಟ್ ಮೇಲೆ ಹಾಸಿದರು. ಒಳಗೆ ಕೈ ತೂರಿಸುತ್ತಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಹೃದಯದ ಡಾಕ್ಟರ್ ಇಟ್ಟ ಗಾಡಿ ಸುಮ್ಮ ಸಿಗತದೇನ್ರಿ?"